ತಿಂಗಳ ಪಾಸಿಗೆ 1,200 ಒಟ್ಟಿಗೆ ಎಲ್ಲಿಂದ ತರೋದು?

ಹೆಗ್ಗನಹಳ್ಳಿ ಕ್ರಾಸ್ | ಭಾನುವಾರ, ರಾತ್ರಿ 9.40

ನಮ್ಮ ವಠಾರದ ಕೆಳಮನೆಯಲ್ಲಿ ಯಾದಗಿರಿ ಕಡೆಯ ಒಂದು ಸಂಸಾರ ಇದೆ. ಗಂಡ ವೈಟ್‌ಫೀಲ್ಡ್ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಹೆಂಡತಿ ಇಲ್ಲೇ ರಾಜಗೋಪಾಲನಗರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಸಂಜೆ ನಾನು ಸಂಪಿನಿಂದ ನೀರು ಹಿಡಿಯೋ ಹೊತ್ತಿಗೆ ಅವರ ಕಿಟಕಿ ಕಟ್ಟೆ ಮೇಲೆ ಊಟದ ಡಬ್ಬಿ ರೆಡಿ ಇರುತ್ತೆ. ಡಬ್ಬಿ ಮುಚ್ಚಳದ ಮೇಲೆ ಇಪ್ಪತ್ತರ ನಾಲ್ಕು ನೋಟು, ಹಾರದ ಹಾಗೆ ಮೇಲೊಂದು ಚಮಚ. ಬಸ್ಸಿನ ದಿನದ ಪಾಸಿನ ದುಡ್ಡು ಅದು. ಬೆಳಿಗ್ಗೆ ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನಲ್ಲಿ ಪಾಸ್ ತಗೊಂಡು, ಅದರಲ್ಲೇ ಮನೆಗೆ ಬಂದು, ಮಲಗಿ ಎದ್ದು, ಸಂಜೆ ಅದೇ ಪಾಸಿನಲ್ಲಿ ಮತ್ತೆ ಹೋಗುತ್ತಾರೆ.

ದಿನಕ್ಕೆ 80. ತಿಂಗಳಿಗೆ 26 ದಿನ ಅಂದರೆ 2,080 ರೂಪಾಯಿ. ತಿಂಗಳ ಪಾಸ್ ತಗೊಂಡರೆ 1,200. ನಾನು ಲೆಕ್ಕ ಹಾಕಿ ತೋರಿಸಿದೆ, ತಿಂಗಳಿಗೆ 880 ಉಳಿಯುತ್ತಲ್ಲ ಅಂದೆ. ಆತ ನನಗೆ ಹೇಳಿದ್ದು ಇಷ್ಟು: "ಲೆಕ್ಕ ನನಗೂ ಗೊತ್ತೈತ್ರಿ ಅಣ್ಣಾರ. ಪಗಾರ ಹತ್ತಕ್ಕೋ ಹನ್ನೆರಡಕ್ಕೋ ಬರ್ತದ. ಬಂದ ದಿನ ಬಾಡಿಗಿ, ಚೀಟಿ, ಊರಾಗ ಅವ್ವನ ಗುಳಿಗಿ. ಒಂದೇ ಸಲ 1,200 ಎಲ್ಲಿಂದ ತರ್ಲಿ?"

ಅವತ್ತಿನಿಂದ ಇದು ನನ್ನ ತಲೆಯಿಂದ ಹೋಗಿಲ್ಲ. ಆತನ ಸಂಬಳ 15,000. ನನ್ನ ಅಂಗಡಿಗೆ ಬರೋ ಇಂಜಿನಿಯರ್ ಹುಡುಗನಿಗೂ ಪಾಸ್ 1,200ಕ್ಕೇ ಸಿಗುತ್ತೆ, ಅವನು ಮೊಬೈಲಿನಲ್ಲೇ ಅರ್ಧ ನಿಮಿಷದಲ್ಲಿ ತಗೋತಾನೆ. ಅದೇ ಬಸ್ಸು, ಅದೇ ಸೀಟು, ಇವರಿಗೆ ಮಾತ್ರ 2,080. ಒಂದು ಗ್ಯಾಸ್ ಸಿಲಿಂಡರಿನ ದುಡ್ಡು ಪ್ರತಿ ತಿಂಗಳು ಹೆಚ್ಚಿಗೆ ಹೋಗ್ತಿರೋದು ಕೈಯಲ್ಲಿ ಇಡಿಗಂಟು ಇಲ್ಲ ಅನ್ನೋ ಒಂದೇ ಕಾರಣಕ್ಕೆ.

ಬಿಟ್ಟಿ ಕೊಡಿ ಅಂತ ನಾನು ಕೇಳ್ತಿಲ್ಲ. ಆ 1,200ನ್ನೇ ಸ್ವಲ್ಪ ಸ್ವಲ್ಪವಾಗಿ ಕಟ್ಟೋ ದಾರಿ ಇಲ್ವಾ? ಗೊತ್ತಿರೋರು ಹೇಳಿ.


ನಿವೃತ್ತ ಕಂಡಕ್ಟರ್, ಯಶವಂತಪುರ | ಭಾನುವಾರ, ರಾತ್ರಿ 10.25

ವಾರದ ಪಾಸ್ ಇದೆ ಸ್ವಾಮಿ, 350 ರೂಪಾಯಿ. ನಾಲ್ಕು ವಾರಕ್ಕೆ 1,400 ಆಗುತ್ತೆ. 2,080ಕ್ಕಿಂತ ಎಷ್ಟೋ ವಾಸಿ. ಅವರಿಗೆ ಮೊದಲು ಅದನ್ನು ಹೇಳಿ. ಎಷ್ಟೋ ಜನಕ್ಕೆ ವಾರದ ಪಾಸ್ ಇರೋದೇ ಗೊತ್ತಿಲ್ಲ.

ಆದರೆ ನೀವು ಹೇಳಿದ ಮೂಲ ಮಾತು ಸತ್ಯ. ನಾನು ಹಳೇ ಬಿಟಿಎಸ್ ಬಸ್ಸಿನ ಕಾಲದಲ್ಲಿ ಸೇರಿದವನು, 1997ರಲ್ಲಿ ಬೆಂಗಳೂರಿನ ಬಸ್ಸಿಗೇ ಅಂತ ಬಿಎಂಟಿಸಿ ನಿಗಮ ಬೇರೆಯಾದಾಗ ನನ್ನದು ಮೆಜೆಸ್ಟಿಕ್‌ನಿಂದ ಪೀಣ್ಯ ಕಡೆಯ ರೂಟು. ಬ್ಯಾಗ್ ಹೆಗಲಿಗೆ ಹಾಕಿಕೊಂಡು 31 ವರ್ಷ ನಿಂತಿದ್ದೀನಿ. ತಿಂಗಳ ಮೊದಲ ವಾರ ಪಾಸ್ ಕೌಂಟರಿನಲ್ಲಿ ಸಾಲು ನಿಲ್ಲೋರು ಯಾರು ಅಂತ ನೋಡಿದ್ದೀನಿ. ಆಫೀಸಿನೋರು, ಬ್ಯಾಂಕಿನೋರು, ಕಾಲೇಜ್ ಮೇಷ್ಟ್ರು. ಗಾರೆ ಕೆಲಸದೋರು, ಲೋಡಿಂಗ್ ಹುಡುಗರು ಆ ಸಾಲಿನಲ್ಲಿ ಇರ್ತಿರಲಿಲ್ಲ. ಅವರು ಬಸ್ ಹತ್ತಿ, ಸ್ಟೇಜ್ ಎಲ್ಲಿ ಬದಲಾಗುತ್ತೆ ಅಂತ ಕೇಳಿ, ಅದಕ್ಕೆ ಒಂದು ಸ್ಟಾಪ್ ಮುಂಚೆ ಇಳಿದು ನಡೆದು ಹೋಗೋರು. ಈಗಲೂ ಅಷ್ಟೇ, ಮೊದಲ ಸ್ಟೇಜಿಗೆ 6 ರೂಪಾಯಿ, ಅದು ದಾಟಿದರೆ 12. ಆ 6 ರೂಪಾಯಿ ಉಳಿಸೋಕೆ ಸಿಮೆಂಟ್ ಮೆತ್ತಿದ ಕಾಲಲ್ಲಿ ಒಂದು ಕಿಲೋಮೀಟರ್ ನಡೀತಾರೆ. ಇದು ನಾನು ಕಣ್ಣಾರೆ ಕಂಡಿದ್ದು.

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ಎರಡು ಬಸ್ ಹಿಡಿಯೋರ ಕಷ್ಟ. ದೂರ ಹೋದಷ್ಟೂ ಕಿಲೋಮೀಟರ್ ಲೆಕ್ಕದಲ್ಲಿ ದರ ಕಮ್ಮಿ ಬೀಳುತ್ತೆ, ಸರಿ. ಆದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ ಹತ್ತಿದ ಕೂಡಲೇ ಲೆಕ್ಕ ಮತ್ತೆ ಮೊದಲ ಸ್ಟೇಜಿನಿಂದ ಶುರು. ನೇರ ಬಸ್ ಇರೋ ಬಡಾವಣೆಯವನಿಗೆ ಒಂದು ದರ, ಇಲ್ಲದವನಿಗೆ ಇನ್ನೊಂದು. ಅವನ ಏರಿಯಾಗೆ ನೇರ ಬಸ್ ಬಿಡದೇ ಇರೋದು ಅವನ ತಪ್ಪಾ?


ಬೊಮ್ಮನಹಳ್ಳಿ ಅಕ್ಕ | ಸೋಮವಾರ, ಬೆಳಿಗ್ಗೆ 6.10

ಬಸ್ಸಲ್ಲಿ ಕೂತು ಬರೀತಾ ಇದೀನಿ. ನಾನು ಆಫೀಸಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡೋದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಅದಕ್ಕೆ ಮುಂಚೆ ನಾನು ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ಎಲ್ಲಿ ಕೆಲಸ ಸಿಗುತ್ತೋ ಅಲ್ಲಿಗೇ ಹೋಗ್ತಿದ್ದೆ. ಸಂಬಳ ಕಮ್ಮಿ ಕೊಟ್ರೂ ಸರಿ, ಬಸ್ ಚಾರ್ಜ್ ಉಳೀತಲ್ಲ ಅಂತ. ಟಿಕೆಟ್ ಫ್ರೀ ಆದ್ಮೇಲೆ ಬೆಳ್ಳಂದೂರು ಕಡೆ ಹೋದೆ. ತಿಂಗಳಿಗೆ 3,500 ಜಾಸ್ತಿ ಸಿಕ್ತು. ಫ್ರೀ ಟಿಕೆಟ್ ಅಂದ್ರೆ ಬರೀ ಟಿಕೆಟ್ ದುಡ್ಡು ಉಳಿಯೋದು ಅಂದ್ಕೋಬೇಡಿ. ಕೆಲಸ ಹುಡುಕೋ ಜಾಗನೇ ದೊಡ್ಡದಾಗುತ್ತೆ.

ಆದ್ರೆ ನಮ್ಮ ಮನೆಯವರಿಗೆ, ಮಗನಿಗೆ ಅದಿಲ್ಲ. ಮಗ ಪಿಯುಸಿ ಬಿಟ್ಟು ಎಸಿ ರಿಪೇರಿ ಕಲಿಯೋಕೆ ಹೋಗ್ತಾನೆ. ಸ್ಟೂಡೆಂಟ್ ಅಲ್ಲ, ಅದಕ್ಕೆ ಸ್ಟೂಡೆಂಟ್ ಪಾಸ್ ಕೊಡಲ್ಲ. ಸಂಬಳನೂ ಇಲ್ಲ, ಕಲಿಕೆ ಅಂತ ದಿನಕ್ಕೆ 150 ಕೊಡ್ತಾರೆ. ಅದರಲ್ಲಿ 80 ಪಾಸಿಗೆ ಹೋದ್ರೆ ಉಳಿಯೋದೇನು ಹೇಳಿ?

ನನ್ನ ಜೊತೆ ಕೆಲಸ ಮಾಡೋ ಒಡಿಶಾದ ಹುಡುಗಿ ಇದಾಳೆ. ಅವಳ ಆಧಾರಲ್ಲಿ ಅವರೂರ ಅಡ್ರೆಸ್. ಶಕ್ತಿ ಟಿಕೆಟ್ ಕರ್ನಾಟಕದ ಅಡ್ರೆಸ್ ಇರೋರಿಗೆ ಮಾತ್ರ. ನಾವಿಬ್ರೂ ಒಂದೇ ಬಸ್ ಹತ್ತಿ ಒಂದೇ ನೆಲ ಒರೆಸ್ತೀವಿ, ನಂಗೆ ಸೊನ್ನೆ ಟಿಕೆಟ್, ಅವಳು ದುಡ್ಡು ಕೊಡ್ತಾಳೆ. ಅವಳು ಬಾಡಿಗೆ ಶೆಡ್ಡಲ್ಲಿ ಇರೋದು, ಓನರ್ ಅಗ್ರಿಮೆಂಟ್ ಮಾಡಿಕೊಡಲ್ಲ, ಅಡ್ರೆಸ್ ಬದಲಾಯಿಸೋದು ಹೇಗೆ?


ಜಯನಗರ 4ನೇ ಬ್ಲಾಕ್ | ಸೋಮವಾರ, ಬೆಳಿಗ್ಗೆ 8.55

ಎಲ್ಲರ ಕಷ್ಟವೂ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ, ಹೇಳುತ್ತೇನೆ, ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ.

ಬಿಎಂಟಿಸಿ ದರ 2014ರಿಂದ ಏರಿರಲಿಲ್ಲ. 2025ರ ಜನವರಿ 5ರಂದು ಶೇ 15 ಏರಿಸಿದರು. ಕನಿಷ್ಠ ದರ 5ರಿಂದ 6, ದಿನದ ಪಾಸ್ 70ರಿಂದ 80, ತಿಂಗಳ ಪಾಸ್ 1,050ರಿಂದ 1,200. ಹತ್ತು ವರ್ಷದಲ್ಲಿ ಡೀಸೆಲ್ ಎಷ್ಟಾಯಿತು, ನೌಕರರ ಸಂಬಳ ಎಷ್ಟಾಯಿತು ಎಂದು ನೋಡಿದರೆ ಇದು ಹೆಚ್ಚಲ್ಲ. ಮತ್ತೆ ರಿಯಾಯಿತಿ, ಇನ್ನೊಂದು ರಿಯಾಯಿತಿ ಎಂದು ಕೊಡುತ್ತಾ ಹೋದರೆ ಹೊಸ ಬಸ್ ಕೊಳ್ಳಲು ಹಣ ಎಲ್ಲಿಂದ ಬರಬೇಕು? ಬಡವನಿಗೆ ಬೇಕಾಗಿರುವುದು ಕಡಿಮೆ ದರವೋ, ಹತ್ತು ನಿಮಿಷಕ್ಕೊಂದು ಬಸ್ಸೋ? ನನ್ನ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಟಿಕೆಟ್ ಉಚಿತ, ಆದರೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಾಳೆ.

ಆದಾಯ ನೋಡಿ ಕೊಡಬೇಕು ಎಂದರೆ ಬಿಪಿಎಲ್ ಕಾರ್ಡ್ ಒಂದೇ ಆಧಾರ. ವರ್ಷಕ್ಕೆ 1.2 ಲಕ್ಷ ಆದಾಯ ಮಿತಿ. ಸ್ವಂತ ಮನೆ, ಕಾರು ಇರುವವರ ಕೈಯಲ್ಲೂ ಆ ಕಾರ್ಡ್ ಇರುವುದನ್ನು ನಾನೇ ನೋಡಿದ್ದೇನೆ.


ಹೆಗ್ಗನಹಳ್ಳಿ ಕ್ರಾಸ್ | ಸೋಮವಾರ, ಬೆಳಿಗ್ಗೆ 9.30

ಸರ್, ನೀವು ಹೇಳಿದ ಮಿತಿಯನ್ನೇ ನೋಡಿ. ವರ್ಷಕ್ಕೆ 1.2 ಲಕ್ಷ ಅಂದರೆ ತಿಂಗಳಿಗೆ 10,000. ನಮ್ಮ ಕೆಳಮನೆಯವರ ಸಂಬಳ 15,000. ಕಾಗದದ ಪ್ರಕಾರ ಅವರು ಬಡವರೇ ಅಲ್ಲ. ಅದರಲ್ಲಿ 2,080 ಬಸ್ಸಿಗೆ ಹೋಗುತ್ತೆ, 6,500 ಬಾಡಿಗೆಗೆ. ಸುಳ್ಳು ಕಾರ್ಡಿನವರ ಬಗ್ಗೆ ನಿಮಗೆ ಇರೋ ಸಿಟ್ಟು ನನಗೂ ಇದೆ. ಆದರೆ ಕಾರ್ಡೇ ಸಿಗದ ಈ ಜನ ಅದಕ್ಕಿಂತ ಹೆಚ್ಚಿದ್ದಾರೆ ನಮ್ಮ ಕಡೆ.


ಕೆಂಗೇರಿ ಉಪನಗರ | ಸೋಮವಾರ, ಮಧ್ಯಾಹ್ನ 1.15

ಬಸ್ಸಿನ ಮಾತಾಯ್ತು, ಮೆಟ್ರೋ ಬಗ್ಗೆ ಒಂದಷ್ಟು ಹೇಳಲೇಬೇಕು.

2025ರ ಫೆಬ್ರುವರಿ 9ರಂದು ನಮ್ಮ ಮೆಟ್ರೋ ದರ ಏರಿತು. ಗರಿಷ್ಠ 60 ಇದ್ದದ್ದು 90 ಆಯಿತು. ಜನ ಗಲಾಟೆ ಮಾಡಿದ ಮೇಲೆ ಫೆಬ್ರುವರಿ 14ರಿಂದ ಕೆಲವು ಹಂತಗಳಲ್ಲಿ ಸ್ವಲ್ಪ ಇಳಿಸಿದರು. 25 ಕಿಲೋಮೀಟರ್ ದಾಟಿದವರ 90 ಹಾಗೇ ಉಳಿಯಿತು. ಕೆಂಗೇರಿಯಿಂದ ಐಟಿಪಿಎಲ್‌ಗೆ ಹೋಗಿ ಬರಲು ದಿನಕ್ಕೆ 180. 26 ದಿನಕ್ಕೆ 4,680. ಸ್ಮಾರ್ಟ್ ಕಾರ್ಡಿನ ಶೇ 5 ರಿಯಾಯಿತಿ ಕಳೆದರೂ 4,446. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ನನ್ನ ಜೊತೆಗೇ ಮೆಟ್ರೋದಲ್ಲಿ ಬರುತ್ತಿದ್ದರು, ದರ ಏರಿದ ಮಾರನೇ ವಾರದಿಂದ ಕಾಣಲಿಲ್ಲ. ಕೇಳಿದರೆ, ಬಸ್ಸಿನಲ್ಲಿ ಬರ್ತೀನಿ, ಮನೆಯಿಂದ ಒಂದೂವರೆ ಗಂಟೆ ಮುಂಚೆ ಹೊರಡ್ತೀನಿ ಅಂದರು. ಒಂದೂವರೆ ಗಂಟೆ ಬೆಳಿಗ್ಗೆ, ಮತ್ತೆ ಸಂಜೆ ಅಷ್ಟೇ. ಮೂರು ವರ್ಷದ ಮಗಳಿದ್ದಾಳೆ ಅವರಿಗೆ. ಅವಳು ಏಳುವ ಮುಂಚೆ ಮನೆ ಬಿಡುತ್ತಾರೆ, ಮಲಗಿದ ಮೇಲೆ ತಲುಪುತ್ತಾರೆ.

ಬಿಎಂಟಿಸಿಯಲ್ಲಿ ತಿಂಗಳ ಪಾಸಾದರೂ ಇದೆ. ಮೆಟ್ರೋದಲ್ಲಿ ದಿನಾ ಓಡಾಡುವವನಿಗೆ ತಿಂಗಳ ಪಾಸ್ ಇಲ್ಲ. ಹಿರಿಯ ನಾಗರಿಕರಿಗೆ ಬಿಎಂಟಿಸಿ ಶೇ 25 ಬಿಡುತ್ತದೆ, ಮೆಟ್ರೋದಲ್ಲಿ ಅದೂ ಇಲ್ಲ. ಸ್ಮಾರ್ಟ್ ಕಾರ್ಡಿನಲ್ಲಿ ಒಳಗೆ ಹೋಗಬೇಕಾದರೆ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕು. ನಮಗೆ ಅದು ಲೆಕ್ಕಕ್ಕಿಲ್ಲ. ಆದರೆ ಹೆಗ್ಗನಹಳ್ಳಿಯವರು ಹೇಳಿದ ಚಮಚದ ಕೆಳಗಿನ ನಾಲ್ಕು ನೋಟಿಗಿಂತ ಅದು ಹೆಚ್ಚಾಯಿತು.

ದರ ಇಳಿಸಲು ಆಗುವುದಿಲ್ಲ, 2002ರ ಮೆಟ್ರೋ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿ ಹೇಳಿದ್ದನ್ನು ಪಾಲಿಸಲೇಬೇಕು ಎನ್ನುತ್ತಾರೆ. ಕಾನೂನು ಹಾಗಿರುವುದು ನಿಜ. ಆದರೆ ದರ ಇಳಿಸುವುದು ಬೇರೆ, ಕೆಲವರ ದರದ ಒಂದು ಪಾಲನ್ನು ಸರ್ಕಾರ ಕಟ್ಟಿಕೊಡುವುದು ಬೇರೆ. ಮುಂಬೈಯಲ್ಲಿ 2ಎ ಮತ್ತು 7ನೇ ಮೆಟ್ರೋ ಮಾರ್ಗಗಳಲ್ಲಿ 2023ರ ಮೇ 1ರಿಂದ 65 ದಾಟಿದವರಿಗೆ, 12ನೇ ತರಗತಿವರೆಗಿನ ಮಕ್ಕಳಿಗೆ, ಅಂಗವಿಕಲರಿಗೆ ಶೇ 25 ರಿಯಾಯಿತಿ ಇದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕಿಲ್ಲ?


ಬೊಮ್ಮನಹಳ್ಳಿ ಅಕ್ಕ | ಸೋಮವಾರ, ಮಧ್ಯಾಹ್ನ 2.05

ಹಳದಿ ಲೈನ್ ನಮ್ಮ ಏರಿಯಾ ಮೇಲೇ ಹೋಗುತ್ತೆ. 2025ರ ಆಗಸ್ಟಲ್ಲಿ ಶುರುವಾದಾಗ ಮಗನ್ನ ಕರ್ಕೊಂಡು ಒಂದು ಸಲ ಹತ್ತಿದ್ದೆ, ಆರ್.ವಿ. ರೋಡ್ ತನಕ. ಸಿಲ್ಕ್ ಬೋರ್ಡ್ ಮೇಲೆ ಹೋಗ್ತಾ ಕೆಳಗೆ ಟ್ರಾಫಿಕ್ಕಲ್ಲಿ ನಿಂತಿರೋ ಬಸ್ ಕಾಣ್ತಿತ್ತು. ನಾಳೆ ನಾನು ಅದರೊಳಗೇ ಇರ್ತೀನಲ್ಲ ಅನ್ನಿಸ್ತು.


ನೈಋತ್ಯ ರೈಲ್ವೆ, ಈಗ ನಿವೃತ್ತ | ಸೋಮವಾರ, ರಾತ್ರಿ 8.20

ಆದಾಯ ನೋಡಿ ಕೊಡುವ ಪಾಸು ನಮ್ಮ ದೇಶದಲ್ಲಿ ಹೊಸದಲ್ಲ. 2009ರ ಆಗಸ್ಟಿನಲ್ಲಿ ರೈಲ್ವೆ 'ಇಜ್ಜತ್' ಎಂಬ ಮಾಸಿಕ ಟಿಕೆಟ್ ತಂದಿತು. ಮಮತಾ ಬ್ಯಾನರ್ಜಿ ರೈಲ್ವೆ ಮಂತ್ರಿಯಾಗಿದ್ದಾಗ. ಅಸಂಘಟಿತ ವಲಯದ ಕೆಲಸಗಾರರಿಗೆ 100 ಕಿಲೋಮೀಟರ್‌ವರೆಗೆ ತಿಂಗಳಿಗೆ ಕೇವಲ 25 ರೂಪಾಯಿ. ಆಶಯ ಬಹಳ ದೊಡ್ಡದು. ಹೆಸರೇ ನೋಡಿ, ಮರ್ಯಾದೆ ಅಂತ ಅರ್ಥ.

ಕೌಂಟರಿನಲ್ಲಿ ಕೂತು ಟಿಕೆಟ್ ಕೊಟ್ಟವನಾಗಿ ಅದರ ತೊಡಕನ್ನೂ ಹೇಳುತ್ತೇನೆ. ತಿಂಗಳ ಆದಾಯ 1,500 ರೂಪಾಯಿ ಮೀರಬಾರದು ಎಂಬ ಷರತ್ತು. ಆದಾಯಕ್ಕೆ ಜಿಲ್ಲಾಧಿಕಾರಿಯದೋ ಸಂಸದರದೋ ಪ್ರಮಾಣಪತ್ರ ತರಬೇಕು. ಹೂವು ಮಾರುವ ಒಬ್ಬ ತಾಯಿ ಸಂಸದರ ಕಚೇರಿ ಹುಡುಕಿಕೊಂಡು ಒಂದು ದಿನದ ವ್ಯಾಪಾರ ಬಿಟ್ಟು ಹೋದರೆ ಆ ದಿನದ ನಷ್ಟವೇ ಪಾಸಿನ ಬೆಲೆಗಿಂತ ಜಾಸ್ತಿ. ಕೂಲಿ ಏರಿತು, ಬೆಲೆ ಏರಿತು, 1,500ರ ಮಿತಿ ಹಾಗೇ ನಿಂತಿತು. ಬರಬರುತ್ತಾ ನನ್ನ ಕೌಂಟರಿಗೆ ಅದನ್ನು ಕೇಳಿಕೊಂಡು ಬರುವವರೇ ಇಲ್ಲವಾದರು. ಯೋಜನೆಯನ್ನು ಯಾರೂ ರದ್ದು ಮಾಡಬೇಕಾಗಲಿಲ್ಲ, ಷರತ್ತೇ ಅದನ್ನು ಒಣಗಿಸಿತು.

ಆದ್ದರಿಂದ ಏನೇ ಕೇಳಿದರೂ ಎರಡು ಮಾತು ಸೇರಿಸಿ ಕೇಳಿ. ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸಬೇಕು, ಅದು ಏರಿದಂತೆ ಇದೂ ಏರಬೇಕು. ಮತ್ತು ಕಾಗದಕ್ಕಾಗಿ ಒಂದು ದಿನದ ಕೂಲಿ ಕಳೆಯುವಂತಿರಬಾರದು.


ಸಿಯಾಟಲ್‌ನಿಂದ ಮರಳಿದವಳು, ಈಗ ಆರ್.ಟಿ. ನಗರ | ಸೋಮವಾರ, ರಾತ್ರಿ 9.45

ರೈಲ್ವೆ ಸರ್ ಹೇಳಿದ ಎರಡನೇ ಮಾತಿಗೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡ್ತೀನಿ. ಸಿಯಾಟಲ್‌ನಲ್ಲಿ 2015ರ ಮಾರ್ಚಿನಿಂದ 'ಓರ್ಕಾ ಲಿಫ್ಟ್' ಅಂತ ಕಾರ್ಡ್ ಇದೆ. ಅಲ್ಲಿನ ಬಡತನದ ರೇಖೆಯ ಎರಡು ಪಟ್ಟಿನೊಳಗೆ ಆದಾಯ ಇರೋರಿಗೆಲ್ಲ ಬಸ್ ಒಂದು ಡಾಲರ್. ರೇಖೆಯ ಕೆಳಗಿದ್ದವರಿಗೆ ಮಾತ್ರ ಅಲ್ಲ, ಎರಡು ಪಟ್ಟು ಅನ್ನೋದನ್ನ ಗಮನಿಸಿ. 15,000 ಸಂಬಳದ ಸೆಕ್ಯುರಿಟಿ ಅಣ್ಣನಂಥವರು ಅಲ್ಲಿ ಒಳಗೆ ಬರ್ತಾರೆ. ಇನ್ನೊಂದು, ಆ ಕಾರ್ಡಿಗೆ ಸಾರಿಗೆ ಕಚೇರಿಗೇ ಹೋಗಬೇಕಾಗಿಲ್ಲ. ಜನ ಬೇರೆ ಕೆಲಸಕ್ಕೆ ಹೇಗೂ ಹೋಗೋ ಆರೋಗ್ಯ ಕೇಂದ್ರಗಳಲ್ಲಿ, ಸಮುದಾಯ ಸಂಸ್ಥೆಗಳಲ್ಲಿ ಮಾಡಿಕೊಡ್ತಾರೆ. ನಮ್ಮಲ್ಲಿ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ನಮ್ಮ ಕ್ಲಿನಿಕ್, ಬೆಂಗಳೂರು ಒನ್ ಎಲ್ಲ ಇವೆಯಲ್ಲ.

ಮೊದಲ ಪ್ರಶ್ನೆಗೂ ಉತ್ತರ ಇದೆ. ನ್ಯೂಯಾರ್ಕಿನಲ್ಲಿ ಒಂದೇ ಕಾರ್ಡೋ ಫೋನೋ ತೋರಿಸಿ ಓಡಾಡ್ತಿದ್ದರೆ ಏಳು ದಿನದಲ್ಲಿ 12 ಸಲ ದುಡ್ಡು ಕೊಟ್ಟ ಮೇಲೆ ಉಳಿದ ಪ್ರಯಾಣಕ್ಕೆ ದುಡ್ಡು ಹಿಡಿಯದ ಪದ್ಧತಿ ತಂದರು. ಲಂಡನ್ನಿನಲ್ಲಿ 2005ರಿಂದಲೇ ದಿನಕ್ಕೆ ಇಂತಿಷ್ಟು ಮೀರಿ ಹಿಡಿಯಲ್ಲ ಅನ್ನೋ ಮಿತಿ ಇದೆ. ಅಂದರೆ ಪಾಸನ್ನ ಮೊದಲೇ ಕೊಳ್ಳಬೇಕಾಗಿಲ್ಲ. ಟಿಕೆಟ್ ತಗೋತಾ ಹೋಗಿ, ಪಾಸಿನ ಬೆಲೆ ಮುಟ್ಟಿದ ಮೇಲೆ ಅದೇ ಪಾಸ್ ಆಗುತ್ತೆ. ನಮ್ಮ ಮೆಟ್ರೋ ಈಗಾಗಲೇ ಎನ್‌ಸಿಎಂಸಿ ಕಾರ್ಡ್, ಅಂದರೆ ದೇಶದಲ್ಲೆಲ್ಲ ಬಸ್ಸು ಮೆಟ್ರೋಗೆ ಬಳಸೋಕೆ ಅಂತ ಮಾಡಿರೋ ಒಂದೇ ಕಾರ್ಡ್, ತಗೊಳ್ಳುತ್ತೆ. ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಮಿಷನ್ ಇದೆ. ಎರಡಕ್ಕೂ ಒಂದೇ ಕಾರ್ಡ್, ಒಂದೇ ಲೆಕ್ಕ ಇಟ್ಟರೆ 1,200 ಮುಟ್ಟಿದ ದಿನದಿಂದ ಆ ಅಣ್ಣನ ಬಸ್ ಟಿಕೆಟ್ ನಿಲ್ಲುತ್ತೆ. ದಿನಕ್ಕೆ 80 ಕೊಡ್ತಾ 15 ದಿನಕ್ಕೇ 1,200 ಮುಟ್ಟುತ್ತೆ!


ನಿವೃತ್ತ ಕಂಡಕ್ಟರ್, ಯಶವಂತಪುರ | ಸೋಮವಾರ, ರಾತ್ರಿ 10.30

ಹದಿನೈದೇ ದಿನ. ಈ ಲೆಕ್ಕ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ ತಾಯಿ.

ಜಯನಗರದ ಸಾಹೇಬರಿಗೆ ಒಂದು ಮಾತು. ರಿಯಾಯಿತಿ ಕೊಟ್ಟರೆ ನಿಗಮ ಮುಳುಗುತ್ತೆ ಅನ್ನೋ ನಿಮ್ಮ ಭಯ ನನಗೂ ಇದೆ, ನನ್ನ ಪಿಂಚಣಿ, ನನ್ನ ಜೊತೆಯವರ ಪಿಎಫ್ ಅದರ ಮೇಲೇ ನಿಂತಿರೋದು. ಆದರೆ ರಿಯಾಯಿತಿಯ ಹೊರೆ ನಿಗಮ ಹೊರಬಾರದು, ಸರ್ಕಾರ ಹೊರಬೇಕು. ಶಕ್ತಿಯಲ್ಲಿ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಡೋದು ಅದಕ್ಕೇ, ಆ ಟಿಕೆಟಿನ ಲೆಕ್ಕದ ಮೇಲೆ ಸರ್ಕಾರ ದುಡ್ಡು ಕಟ್ಟಬೇಕು. 2025ರ ಜುಲೈನಲ್ಲಿ ಅಂಥ ಟಿಕೆಟ್ 500 ಕೋಟಿ ದಾಟಿತು. ಸರ್ಕಾರದ ದುಡ್ಡು ಹೊತ್ತಿಗೆ ಸರಿಯಾಗಿ ಬಂದರೆ ಬಸ್ಸೂ ಓಡುತ್ತೆ, ಬಡವನೂ ಹತ್ತುತ್ತಾನೆ. ಬಾರದೇ ಹೋದರೆ ಕಷ್ಟ ಡಿಪೋಗೆ ಬರುತ್ತೆ, ಆಮೇಲೆ ಬಸ್ ಕಮ್ಮಿ ಆಗುತ್ತೆ, ಕೊನೆಗೆ ಅದೇ ಬಡವ ಸ್ಟಾಪಿನಲ್ಲಿ ನಿಲ್ಲುತ್ತಾನೆ. ಮನವಿ ಬರೆದರೆ ಇದನ್ನು ಮೊದಲು ಬರೀರಿ.

ಮತ್ತೆ, ಹಿಂದೆ ಬಡವರ ಬಡಾವಣೆಗಳಿಗೆ ಅಂತಲೇ ಕಮ್ಮಿ ದರದ 'ಅಟಲ್ ಸಾರಿಗೆ' ಬಸ್ ಬಿಟ್ಟಿದ್ದರು. ಒಳ್ಳೇ ಯೋಚನೆ. ಆದರೆ ಅದು ಬಸ್ಸಿಗೆ ಕೊಟ್ಟ ರಿಯಾಯಿತಿ, ಮನುಷ್ಯನಿಗೆ ಕೊಟ್ಟದ್ದಲ್ಲ. ಆ ಬಸ್ ತಪ್ಪಿದರೆ ಮುಂದಿನ ಬಸ್ಸಿನಲ್ಲಿ ಪೂರ್ತಿ ದುಡ್ಡು. ರಿಯಾಯಿತಿ ಜನರ ಕೈಯಲ್ಲಿರಬೇಕು, ಬೋರ್ಡಿನ ಮೇಲಲ್ಲ.


ದರ್ಶಿನಿ, ವಿಜಯನಗರ | ಮಂಗಳವಾರ, ಬೆಳಿಗ್ಗೆ 11.10

ಟಿಫನ್ ಗಡಿಬಿಡಿ ಮುಗಿದ ಮೇಲೆ ಎಲ್ಲಾ ಓದಿದೆ. ಸರ್ಕಾರ ಮಾಡುವಾಗ ಮಾಡಲಿ. ನಾನು ಮಾಡ್ತಿರೋದು ಹೇಳ್ತೀನಿ.

ನಮ್ಮಲ್ಲಿ ಕೆಲಸ ಮಾಡೋರಲ್ಲಿ ಆರು ಜನ ಹೊರಗಿನಿಂದ ಬಸ್ಸಿನಲ್ಲಿ ಬರ್ತಾರೆ. ಹೋದ ವರ್ಷ ದೋಸೆ ಭಟ್ಟರು ವಾರಕ್ಕೆರಡು ದಿನ ತಡವಾಗಿ ಬರೋಕೆ ಶುರು ಮಾಡಿದರು. ಬೈದೆ ಕೂಡ. ಆಮೇಲೆ ಗೊತ್ತಾಯ್ತು, ತಿಂಗಳ ಕೊನೆಯಲ್ಲಿ ದುಡ್ಡು ಮುಗಿದು ಸುಂಕದಕಟ್ಟೆಯಿಂದ ನಡೆದೇ ಬರ್ತಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ, ಆ ನಾಯಿಗಳ ಮಧ್ಯೆ. ಬೈದದ್ದು ಇವತ್ತಿಗೂ ನೋವಾಗುತ್ತೆ.

ಅವತ್ತಿನಿಂದ ತಿಂಗಳ ಶುರುವಿನಲ್ಲಿ ಆರೂ ಜನರ ಪಾಸ್ ನಾನೇ ತೆಗೆದುಕೊಡ್ತೀನಿ. 7,200 ರೂಪಾಯಿ. ವಾರದ ಬಟವಾಡೆಯಲ್ಲಿ ಒಬ್ಬೊಬ್ಬರಿಂದ 300 ಹಿಡೀತೀನಿ, ನಾಲ್ಕು ವಾರಕ್ಕೆ ಮುಗೀತು. ಬಡ್ಡಿ ಗಿಡ್ಡಿ ಏನೂ ಇಲ್ಲ. ಇದುವರೆಗೆ ಒಬ್ಬ ಮಾತ್ರ ಮಧ್ಯದಲ್ಲಿ ಕೆಲಸ ಬಿಟ್ಟು ಹೋದ, 600 ಬಾಕಿ ಇತ್ತು. ಎರಡು ತಿಂಗಳ ಮೇಲೆ ಊರಿಂದ ಫೋನ್‌ಪೇ ಮಾಡಿದ.

ಅಪಾರ್ಟ್‌ಮೆಂಟಿನೋರಿಗೆ ಇದೇನು ದೊಡ್ಡದಾ? 300 ಮನೆ ಇರುತ್ತೆ. ಸೆಕ್ಯುರಿಟಿ ಏಜೆನ್ಸಿ ಸಂಬಳ ಹನ್ನೆರಡಕ್ಕೆ ಕೊಡಲಿ, ಅಸೋಸಿಯೇಷನ್‌ನೋರು ಪಾಸಿನ ದುಡ್ಡು ಮುಂಗಡ ಕೊಡಬಹುದಲ್ಲ.


ಜಯನಗರ 4ನೇ ಬ್ಲಾಕ್ | ಮಂಗಳವಾರ, ಸಂಜೆ 5.40

ಕಾರ್ಡುಗಳ ದುರುಪಯೋಗದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಬಸ್ಸುಗಳ ಸಂಖ್ಯೆ ಹೆಚ್ಚಾಗದೆ ಯಾವ ರಿಯಾಯಿತಿಯೂ ಪೂರ್ಣವಲ್ಲ ಎಂಬುದನ್ನೂ ಬಿಡುವುದಿಲ್ಲ. ಆದರೆ ಪಾಸಿನ ಬೆಲೆ ಮುಟ್ಟಿದ ಮೇಲೆ ಟಿಕೆಟ್ ನಿಲ್ಲಿಸುವ ಕ್ರಮಕ್ಕೆ ನನ್ನ ವಿರೋಧವಿಲ್ಲ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಡ, ಬಿಪಿಎಲ್ ಕಾರ್ಡ್ ಬೇಡ, ಸುಳ್ಳು ಹೇಳಲು ಯಾರಿಗೂ ಅವಕಾಶವೇ ಇಲ್ಲ. ಎಲ್ಲರಿಗೂ ಒಂದೇ ನಿಯಮ, ಹೆಚ್ಚು ಉಪಯೋಗ ಮಾತ್ರ ಕೈಯಲ್ಲಿ ಗಂಟಿಲ್ಲದವನಿಗೆ. ಒಡಿಶಾದ ಆ ಹುಡುಗಿಗೂ ಸಲ್ಲುತ್ತದೆ, ಏಕೆಂದರೆ ವಿಳಾಸ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಮನವಿ ಬರೆದರೆ ನಾನು ಸಹಿ ಹಾಕುತ್ತೇನೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕರಡು ತಿದ್ದಿಕೊಡಬಲ್ಲೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ವರು ಕಾವಲುಗಾರರಿದ್ದಾರೆ. ಅವರು ಹೇಗೆ ಬರುತ್ತಾರೆ ಎಂದು ನಾನು ಇದುವರೆಗೆ ಕೇಳಿರಲಿಲ್ಲ. ಇವತ್ತು ಕೇಳಿದೆ. ಇಬ್ಬರು ದಿನದ ಪಾಸ್, ಒಬ್ಬರು ಸೈಕಲ್, ಒಬ್ಬರು ತಾವರೆಕೆರೆಯಿಂದ ನಡಿಗೆ.


ಹೆಗ್ಗನಹಳ್ಳಿ ಕ್ರಾಸ್ | ಗುರುವಾರ, ರಾತ್ರಿ 9.15

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೀತೀರ ಅಂದ್ಕೊಂಡಿರಲಿಲ್ಲ.

ದರ್ಶಿನಿ ಅಣ್ಣನ ಮಾತು ಕೇಳಿ ವಠಾರದಲ್ಲಿ ನಾವು ನಾಲ್ಕು ಮನೆಯವರು ಸೇರಿ ನಿನ್ನೆ 1,200 ಹಾಕಿ ಪಾಸ್ ತೆಗೆದುಕೊಟ್ಟಿದ್ದೀವಿ. ಸುಮ್ಮನೆ ತಗೊಳ್ಳೋಕೆ ಅವರು ಒಪ್ಪಲಿಲ್ಲ. ಭಾನುವಾರ ಭಾನುವಾರ 300 ಕೊಡ್ತೀನಿ ಅಂತ ಕ್ಯಾಲೆಂಡರಿನ ಮೇಲೆ ನಾಲ್ಕು ಗುರುತು ಹಾಕಿದ್ದಾರೆ. ಇವತ್ತು ಸಂಜೆ ಡಬ್ಬಿ ಇತ್ತು, ಚಮಚ ಡಬ್ಬಿ ಒಳಗೇ ಇತ್ತು. ಅವರ ಮನೆಯಾಕೆ, "ಪೀಣ್ಯದಾಗ ನನ್ನ ತಮ್ಮ ಅದಾನ್ರಿ, ಅವನ ರೂಮಿನಾಗ ಒಂಬತ್ತು ಮಂದಿ. ಅವ್ರಿಗೂ ಹಿಂಗ ಮಾಡಾಕ ಬರ್ತದೇನ್ರಿ?" ಅಂತ ಕೇಳಿದರು. ಒಂಬತ್ತು ಮಂದಿಗೆ 10,800. ನಮ್ಮ ವಠಾರದ ಕೈಯಲ್ಲಿ ಅದು ಆಗಲ್ಲ.

ಅದಕ್ಕೇ ಈ ಭಾನುವಾರ ನನ್ನ ಅಂಗಡಿಯಲ್ಲಿ ಮನವಿ ಬರೆಯೋಕೆ ಕೂರ್ತೀವಿ. ಪಾಸಿನ ಬೆಲೆ ಮುಟ್ಟಿದ ಮೇಲೆ ಟಿಕೆಟ್ ಬೇಡ, ಎರಡನೇ ಬಸ್ಸಿಗೆ ಲೆಕ್ಕ ಹೊಸದಾಗಿ ಶುರುವಾಗಬಾರದು, ಮೆಟ್ರೋದಲ್ಲೂ ತಿಂಗಳ ಪಾಸ್ ಬೇಕು, ಖರ್ಚು ಸರ್ಕಾರ ಬಜೆಟ್ಟಿನಲ್ಲಿ ಇಡಬೇಕು. ಕಲಿಕೆಗೆ ಹೋಗೋ ಹುಡುಗರನ್ನೂ ವಿದ್ಯಾರ್ಥಿ ಅಂತ ಸೇರಿಸಬೇಕು, ಅಕ್ಕನ ಮಗನ ವಿಷಯ ಮರೆತಿಲ್ಲ. ಕಂಡಕ್ಟರ್ ಸರ್, ಸ್ಟೇಜ್ ಲೆಕ್ಕ ನಮಗೆ ಸರಿಯಾಗಿ ಬರೆಯೋಕೆ ಬರಲ್ಲ. ನೀವು ಬರ್ತೀರಾ?


ನಿವೃತ್ತ ಕಂಡಕ್ಟರ್, ಯಶವಂತಪುರ | ಗುರುವಾರ, ರಾತ್ರಿ 9.22

ಬರ್ತೀನಿ. ಎಷ್ಟು ಗಂಟೆಗೆ ಹೇಳಿ. ರಾತ್ರಿ ಪಾಳಿಯವರು ಮಲಗೋ ಹೊತ್ತು ಬೇಡ, ಆ ಅಣ್ಣನೂ ಕೂತಿರಬೇಕು.